ನಿದ್ದೆ ಕೆಟ್ಟದ್ದು ಯಾವತ್ತಿನಿಂದ? ಅಪಘಾತದ ಮಾನಸಿಕ ಹಾನಿಯನ್ನು ಕೋರ್ಟಿನಲ್ಲಿ ರುಜುವಾತು ಮಾಡುವ ಬಗೆ

ನಮ್ಮ ಕೋರ್ಟುಗಳಲ್ಲಿ ಪಾಟೀ ಸವಾಲನ್ನು ಬರೆದುಕೊಳ್ಳುವುದಕ್ಕೆ ಒಂದು ವಿಚಿತ್ರ ಶೈಲಿ ಇದೆ. ಪ್ರಶ್ನೆಯನ್ನು ಪ್ರಶ್ನೆಯಾಗಿ ಬರೆಯುವುದಿಲ್ಲ. ವಕೀಲರು ಸೂಚಿಸಿದ್ದು, ಸಾಕ್ಷಿ ಒಪ್ಪಿದ್ದು ಎರಡೂ ಕೂಡಿ ಒಂದೇ ವಾಕ್ಯವಾಗುತ್ತದೆ. ಕೊನೆಯಲ್ಲಿ "ಎಂದರೆ ಸರಿ" ಅಥವಾ "ಎಂದರೆ ಸರಿಯಲ್ಲ". ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಮನೋವೈದ್ಯರೊಬ್ಬರು ಸಾಕ್ಷಿ ಹೇಳಲು ನಿಂತಾಗ ವಿಮಾ ಕಂಪನಿಯ ವಕೀಲರಿಗೆ ಐದು ನಿಮಿಷ ಸಾಕು. ಹಾಳೆಯ ಮೇಲೆ ಹೀಗೆ ಬೀಳುತ್ತದೆ:

"ಅಪಘಾತ ನಡೆದದ್ದು 2023ರ ಜನವರಿಯಲ್ಲಿ ಎಂದರೆ ಸರಿ. ಅರ್ಜಿದಾರರು ನನ್ನ ಬಳಿ ಮೊದಲ ಸಲ ಬಂದದ್ದು 2024ರ ನವೆಂಬರಿನಲ್ಲಿ ಎಂದರೆ ಸರಿ. ಅದರ ಹಿಂದಿನ 22 ತಿಂಗಳಲ್ಲಿ ಅವರಿಗೆ ಏನಾಗಿತ್ತೆಂದು ನನಗೆ ಖುದ್ದು ತಿಳಿದಿಲ್ಲ ಎಂದರೆ ಸರಿ. ಅರ್ಜಿದಾರರು ಹೇಳಿದ್ದನ್ನು ಆಧರಿಸಿ ಅಭಿಪ್ರಾಯ ಕೊಟ್ಟಿದ್ದೇನೆ ಎಂದರೆ ಸರಿ."

ನಾಲ್ಕು "ಸರಿ" ಆಯಿತು. ವೈದ್ಯರು ಸುಳ್ಳು ಹೇಳಲಿಲ್ಲ, ಅರ್ಜಿದಾರನೂ ನಾಟಕ ಆಡಲಿಲ್ಲ. ಆದರೂ ಆ ಕಾಯಿಲೆಗೆ ಪರಿಹಾರ ಸಿಗುವ ಆಸೆ ಬಹುಮಟ್ಟಿಗೆ ಮುಗಿಯಿತು. ಕಾಯಿಲೆ ಇಲ್ಲವೆಂದು ಯಾರೂ ಹೇಳಲಿಲ್ಲ. ಅದು ಆ ಅಪಘಾತದಿಂದಲೇ ಬಂತು ಎಂಬುದು ಮಾತ್ರ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಈ ಅರ್ಜಿದಾರ ನಾನು ವಿವರಣೆಗಾಗಿ ಕಟ್ಟಿಕೊಂಡ ಮನುಷ್ಯ, ನಿಜದ ವ್ಯಕ್ತಿಯಲ್ಲ. ರಂಗಸ್ವಾಮಿ ಅನ್ನೋಣ. ಶಿರಾ ಕಡೆಯವನು, 34 ವರ್ಷ, ಕ್ಯಾಂಟರ್ ಡ್ರೈವರು. ತಿಂಗಳಿಗೆ 18,000 ಸಂಬಳ. ಬೆಳಗಿನ ಜಾವ ತುಮಕೂರು ದಾಟಿ ಬರುವಾಗ ಎದುರಿನ ಲಾರಿ ಡಿವೈಡರ್ ಹಾರಿ ಬಂದು ಗುದ್ದಿತು. ಪಕ್ಕದಲ್ಲಿ ಕೂತಿದ್ದ ಕ್ಲೀನರ್ ಹುಡುಗ ಕ್ಯಾಬಿನ್ನಿನಲ್ಲೇ ಸಿಕ್ಕಿಕೊಂಡು ಮುಕ್ಕಾಲು ಗಂಟೆ ನರಳಿ ಸತ್ತ. ರಂಗಸ್ವಾಮಿಯ ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಎರಡು ಕಡೆ ಮುರಿದು ರಾಡ್ ಹಾಕಿದರು. ಮೂಳೆ ಕೂಡಿಕೊಂಡಿತು. ಆದರೆ ಅವನು ಆಮೇಲೆ ಡ್ರೈವರ್ ಸೀಟಿನಲ್ಲಿ ಕೂರಲೇ ಇಲ್ಲ.

ಅವನ ಫೈಲಿನಲ್ಲಿ ಏನೇನಿದೆ ನೋಡಿ. ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಔಷಧಿ ಬಿಲ್ಲುಗಳು. ವೂಂಡ್ ಸರ್ಟಿಫಿಕೇಟಿನಲ್ಲಿ ಗಾಯಗಳ ಉದ್ದ ಅಗಲ ಸೆಂಟಿಮೀಟರಿನಲ್ಲಿದೆ. ಮುಕ್ಕಾಲು ಗಂಟೆ ಒಬ್ಬ ಹುಡುಗ ನರಳಿದ್ದನ್ನು ಕೇಳಿಸಿಕೊಂಡ ಗಾಯಕ್ಕೆ ಆ ಫಾರಮಿನಲ್ಲಿ ಕಾಲಮ್ಮೇ ಇಲ್ಲ.

ಮನಸ್ಸಿನ ಗಾಯವನ್ನು ಕಾನೂನು ಅನುಮಾನದಿಂದ ನೋಡುವುದು ಇವತ್ತು ಹುಟ್ಟಿದ ಚಾಳಿಯಲ್ಲ. ಈ ಜಗಳ ಶುರುವಾದದ್ದೇ ವಾಹನ ಅಪಘಾತಗಳಿಂದ, ಅದೂ ರೈಲಿನಿಂದ. ಇಂಗ್ಲೆಂಡಿನಲ್ಲಿ ರೈಲು ಅಪಘಾತದಿಂದ ಗೀರೂ ಇಲ್ಲದೆ ಎದ್ದು ಬಂದವರು ವಾರಗಳ ಮೇಲೆ ನಿದ್ದೆಗೆಟ್ಟು, ನಡುಗಿ, ಕೆಲಸ ಬಿಡತೊಡಗಿದರು. 1866ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಎರಿಕ್ಸನ್, ಇದು ಬೆನ್ನುಹುರಿ ಅದುರಿದ್ದರಿಂದ ಬಂದದ್ದು ಎಂದರು. ಜನ ಅದನ್ನು "ರೈಲ್ವೆ ಬೆನ್ನು" ಎಂದೇ ಕರೆದರು. 1883ರಲ್ಲಿ ಹರ್ಬರ್ಟ್ ಪೇಜ್ ಎಂಬ ಇನ್ನೊಬ್ಬ ಸರ್ಜನ್, ಬೆನ್ನುಹುರಿಗೆ ಏನೂ ಆಗಿಲ್ಲ, ಇದೆಲ್ಲ ಬರೀ ಭಯದ ಫಲ ಎಂದರು. ಅವರು ರೈಲ್ವೆ ಕಂಪನಿಯ ವೈದ್ಯರಾಗಿದ್ದರು ಎಂಬುದನ್ನು ಗಮನಿಸಿ. ತಮಾಷೆಯೆಂದರೆ, ವೈದ್ಯಶಾಸ್ತ್ರದ ಲೆಕ್ಕದಲ್ಲಿ ಹೆಚ್ಚು ಸರಿಯಾಗಿ ಯೋಚಿಸಿದ್ದು ಕಂಪನಿಯ ವೈದ್ಯರೇ. ಭಯವೂ ಒಂದು ಗಾಯ ಎಂದು ಕೋರ್ಟುಗಳು ಒಪ್ಪಿರಲಿಲ್ಲವಾದ್ದರಿಂದ ಆ ಸರಿಯಾದ ಯೋಚನೆ ಗಾಯಾಳುವಿಗೇ ಮುಳುವಾಯಿತು.

1888ರಲ್ಲಿ ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರೈಲ್ವೆಯ ಒಂದು ಮೊಕದ್ದಮೆ ಬಂತು. ಗೇಟಿನವನು ತಪ್ಪಾಗಿ ಗೇಟು ತೆಗೆದು ಒಂದು ಕುದುರೆಗಾಡಿಯನ್ನು ಹಳಿ ದಾಟಲು ಬಿಟ್ಟ. ರೈಲು ಗಾಡಿಗೆ ತಗಲದೆ ಸ್ವಲ್ಪದರಲ್ಲೇ ಹಾದುಹೋಯಿತು. ಗಾಡಿಯಲ್ಲಿದ್ದ ಹೆಂಗಸು ಮೂರ್ಛೆ ಬಿದ್ದು, ಬಹಳ ಕಾಲ ಕಾಯಿಲೆಯಾದರು. ಬರೀ ಹೆದರಿಕೆಯಿಂದ ಆದ ಹಾನಿ ತೀರಾ ದೂರದ ಪರಿಣಾಮ, ಪರಿಹಾರ ಇಲ್ಲ ಎಂದು ಪ್ರಿವಿ ಕೌನ್ಸಿಲ್ ಹೇಳಿತು. ಆಗ ಧಾರವಾಡ, ಬಳ್ಳಾರಿ, ಮಂಗಳೂರಿನ ಮೇಲ್ಮನವಿಗಳೂ ಕೊನೆಗೆ ಅದೇ ಕಟ್ಟೆಗೆ ಹೋಗಬೇಕಿತ್ತು. ಆ ತೀರ್ಪನ್ನು ಇಂಗ್ಲೆಂಡಿನ ಕೋರ್ಟುಗಳೇ 1901ರ ಹೊತ್ತಿಗೆ ಪಕ್ಕಕ್ಕೆ ಸರಿಸಿದವು. ಅದರ ವಾಸನೆ ಮಾತ್ರ ಪೂರ್ತಿ ಹೋಗಿಲ್ಲ. ನಮ್ಮ ಮೋಟಾರು ವಾಹನ ಕಾಯ್ದೆ, 1988ರ 165ನೇ ಕಲಮು ನ್ಯಾಯಮಂಡಳಿಯ ಅಧಿಕಾರ ಹೇಳುವಾಗ "ಸಾವು ಅಥವಾ ದೈಹಿಕ ಗಾಯ" ಎಂಬ ಮಾತನ್ನೇ ಬಳಸುತ್ತದೆ. ಹೀಗಾಗಿ ಮೈಗೆ ಏನೂ ಆಗದೆ ಮನಸ್ಸೊಂದೇ ಕೆಟ್ಟವರ ದಾರಿ ಇಲ್ಲಿ ಕಡಿದು. ಕಾಲು ಮುರಿದ ರಂಗಸ್ವಾಮಿಗೆ ಆ ತೊಡಕಿಲ್ಲ. ಗಾಯದ ಬಾಗಿಲಿನಿಂದ ಒಳಗೆ ಬಂದಮೇಲೆ, ಆ ಗಾಯದ ಬೆನ್ನಿಗೆ ಬಂದ ಮಾನಸಿಕ ಕಾಯಿಲೆಯನ್ನೂ 168ನೇ ಕಲಮಿನ "ನ್ಯಾಯಯುತ ಪರಿಹಾರ"ದ ಲೆಕ್ಕಕ್ಕೆ ಸೇರಿಸಿ ಎಂದು ಕೇಳಬಹುದು.

ಕೇಳುವುದಾದರೆ ಮೂರು ಪ್ರಶ್ನೆಗೆ ಉತ್ತರ ಬೇಕು. ಕಾಯಿಲೆ ಯಾವುದು? ಅದು ಯಾವುದರಿಂದ ಬಂತು? ದುಡಿಮೆಯನ್ನು ಎಷ್ಟು ತಿಂದಿತು? ಬಹುತೇಕ ಫೈಲುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರ ಇರುತ್ತದೆ. ವೈದ್ಯರ ಸರ್ಟಿಫಿಕೇಟ್ ಒಂದಿದ್ದರೆ ಮೂರಕ್ಕೂ ಆಯಿತು ಎಂದುಕೊಂಡಿರುತ್ತಾರೆ. ಎಡವುವುದು ಎರಡನೆಯದರಲ್ಲಿ.

ಹಾಗಂತ ಎರಡನೆಯ ಪ್ರಶ್ನೆಗೆ ಗಣಿತದಂಥ ರುಜುವಾತು ಯಾರೂ ಕೇಳುತ್ತಿಲ್ಲ. ಕ್ರಿಮಿನಲ್ ಕೇಸಿನಂತೆ ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡಬೇಕಿಲ್ಲ. ಇದೂ ಆಗಿರಬಹುದು, ಅದೂ ಆಗಿರಬಹುದು ಎಂಬಲ್ಲಿ ಯಾವುದು ಹೆಚ್ಚು ಸಂಭವ ಎಂದು ತೂಗಿದರೆ ಸಾಕೆಂದು ಸುಪ್ರೀಂ ಕೋರ್ಟ್ 2009ರ ಬಿಮ್ಲಾ ದೇವಿ ಪ್ರಕರಣದಲ್ಲಿ ಹೇಳಿದೆ. ಅಲ್ಲಿದ್ದ ಪ್ರಶ್ನೆ ಅಪಘಾತ ಆ ಬಸ್ಸಿನಿಂದಲೇ ಆಯಿತೇ ಎಂಬುದು. ಆದರೆ ತೂಕದ ಅಳತೆ ಇಲ್ಲಿಗೂ ಅದೇ. ಅಂದರೆ ತಕ್ಕಡಿ ಕೊಂಚ ವಾಲಿದರೂ ಸಾಕು. ರಂಗಸ್ವಾಮಿಯ ಫೈಲಿನಲ್ಲಿ ತಕ್ಕಡಿಗೆ ಹಾಕಲು ಒಂದು ಕಲ್ಲೂ ಇಲ್ಲದಿರುವುದು ತೊಂದರೆ.

ಆ ಕಲ್ಲು ಎಲ್ಲಿಂದ ಬರಬೇಕು? ಅದು ಕಾಯಿಲೆ ಯಾವುದು ಎಂಬುದರ ಮೇಲೆ ನಿಂತಿದೆ.

ತಲೆಗೆ ಪೆಟ್ಟು ಬಿದ್ದವರ ಕೇಸು ಇದ್ದುದರಲ್ಲಿ ಸಲೀಸು. ಸ್ಕ್ಯಾನಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಾಣುತ್ತದೆ, ಪ್ರಜ್ಞೆ ಎಷ್ಟು ಹೊತ್ತು ತಪ್ಪಿತ್ತೆಂದು ಕೇಸ್ ಶೀಟಿನಲ್ಲಿರುತ್ತದೆ. ಆಮೇಲೆ ಮರೆವು, ಸಿಡುಕು, ಲೆಕ್ಕ ತಪ್ಪುವುದು ಬಂದರೆ ನಿಮ್ಹಾನ್ಸ್‌ನಂಥ ಕಡೆ ಗಂಟೆಗಟ್ಟಲೆ ನಡೆಸುವ ನರಮನೋವೈಜ್ಞಾನಿಕ ಪರೀಕ್ಷೆಗಳಿಂದ ನೆನಪು, ಗಮನ, ನಿರ್ಧಾರ ಒಂದೊಂದೂ ಎಷ್ಟು ಕುಸಿದಿದೆ ಎಂದು ಅಂಕಿಯಲ್ಲಿ ತೋರಿಸಬಹುದು. ಮಿದುಳಿಗೆ ಆದ ಪೆಟ್ಟಿಗೂ ಮನಸ್ಸಿಗೆ ಆದ ಕೇಡಿಗೂ ನಡುವೆ ಕಣ್ಣಿಗೆ ಕಾಣುವ ಸೇತುವೆ ಇರುತ್ತದೆ.

ರಂಗಸ್ವಾಮಿಯ ತಲೆಗೆ ಏನೂ ಆಗಿಲ್ಲ. ಅವನಿಗೆ ಇರುವುದು ವೈದ್ಯರು ಪಿಟಿಎಸ್‌ಡಿ ಅನ್ನುವ ಕಾಯಿಲೆ, ಆಘಾತದ ನಂತರದ ಒತ್ತಡದ ಕಾಯಿಲೆ. ಅಮೆರಿಕದ ಮನೋವೈದ್ಯರ ಪಟ್ಟಿಗೆ ಈ ಹೆಸರು ಸೇರಿದ್ದು 1980ರಲ್ಲಿ. ಕಾರಣ ಹುಡುಕುವವರಿಗೆ ಇದರಷ್ಟು ಅನುಕೂಲದ ಮಾನಸಿಕ ಕಾಯಿಲೆ ಇನ್ನೊಂದಿಲ್ಲ, ಯಾಕೆಂದರೆ ಅದರ ಲಕ್ಷಣದೊಳಗೇ ಅದರ ಕಾರಣವೂ ಕೂತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪಟ್ಟಿ, ಅಂದರೆ 2022ರಿಂದ ಜಾರಿಗೆ ಬಂದ ಐಸಿಡಿ-11, ಮೂರು ಲಕ್ಷಣ ಕೇಳುತ್ತದೆ: ಆ ಘಟನೆ ಈಗಲೇ ನಡೆಯುತ್ತಿದೆ ಅನ್ನುವಂತೆ ಮತ್ತೆ ಮತ್ತೆ ಮರುಕಳಿಸಬೇಕು, ಅದನ್ನು ನೆನಪಿಸುವ ಜಾಗ, ಮಾತು, ಜನರಿಂದ ತಪ್ಪಿಸಿಕೊಳ್ಳುವಂತಿರಬೇಕು, ಅಪಾಯ ಇನ್ನೂ ಇಲ್ಲೇ ಇದೆ ಎಂದು ಮೈ ಸದಾ ಎಚ್ಚರದಲ್ಲಿರಬೇಕು. ರಂಗಸ್ವಾಮಿಯ ಕನಸಿನಲ್ಲಿ ಬರುವುದು ಸಾಲಗಾರ ಅಲ್ಲ, ಆ ಕ್ಲೀನರ್ ಹುಡುಗ. ಅವನು ಬೆಚ್ಚುವುದು ಏರ್‌ಹಾರನ್ ಕೇಳಿದಾಗ. ಬಸ್ಸಿನಲ್ಲಿ ಬರುವಾಗಲೂ ಬಲಗಡೆ ಕಿಟಕಿ ಪಕ್ಕ ಕೂರುವುದಿಲ್ಲ, ಎದುರು ಬರುವ ಲಾರಿ ಕಾಣಬಾರದು ಅಂತ. ಈ ಒಂದೊಂದು ವಿವರವೂ ಕಾರಣದತ್ತ ಬೆರಳು ತೋರಿಸುತ್ತದೆ. ಆದರೆ ವೈದ್ಯರ ವರದಿಯಲ್ಲಿ ಇವೆಲ್ಲ ಸೇರಿ "ನಿದ್ರಾಹೀನತೆ, ಆತಂಕ" ಎಂಬ ಎರಡು ಪದವಾಗಿ ಕರಗಿಹೋಗುತ್ತವೆ. ನಿದ್ರಾಹೀನತೆ ಯಾರಿಗಿಲ್ಲ ಸ್ವಾಮಿ ಅಂತ ಎದುರು ವಕೀಲರು ಕೇಳಿದರೆ ಏನು ಹೇಳುತ್ತೀರಿ?

ಹಳೆಯ ಐಸಿಡಿ-10ರಲ್ಲಿ ಇನ್ನೊಂದು ಮಾತಿದೆ: ಈ ಕಾಯಿಲೆ ಆಘಾತದ ನಂತರ ಕೆಲವು ವಾರದಿಂದ ಕೆಲವು ತಿಂಗಳೊಳಗೆ ಶುರುವಾಗುತ್ತದೆ, ಆರು ತಿಂಗಳು ಮೀರುವುದು ಅಪರೂಪ. ವಿಮಾ ಕಂಪನಿಯ ಕೈಗೆ ಇದು ಸಿಕ್ಕರೆ 22 ತಿಂಗಳ ಅಂತರ ಗುಂಡಿಯಾಗುತ್ತದೆ. ಅದಕ್ಕೆ ಉತ್ತರವೂ ಇದೆ. ಅಮೆರಿಕದ ಪಟ್ಟಿ ಆರು ತಿಂಗಳ ನಂತರ ಪೂರ್ತಿ ರೂಪ ತಾಳುವ ಬಗೆಯನ್ನು ಪ್ರತ್ಯೇಕವಾಗಿ ಗುರುತಿಸಿದೆ. ಅದಕ್ಕಿಂತ ಮುಖ್ಯವಾಗಿ, ಕಾಯಿಲೆ ಶುರುವಾದ ದಿನವೂ ವೈದ್ಯರ ಬಳಿ ಹೋದ ದಿನವೂ ಒಂದೇ ಅಲ್ಲ. ಸಾಬೀತು ಮಾಡಬೇಕಾದದ್ದು ಮೊದಲನೆಯದನ್ನು. ವೈದ್ಯರಿಗೆ ಗೊತ್ತಿರುವುದು ಎರಡನೆಯದು ಮಾತ್ರ.

ಖಿನ್ನತೆಯ ದಾರಿ ಇನ್ನೂ ಸುತ್ತು. ಅಲ್ಲಿ ಅಪಘಾತ ನೇರವಾಗಿ ಮನಸ್ಸಿಗೆ ಬಡಿಯುವುದಿಲ್ಲ. ಕಾಲು ಮುರಿಯಿತು, ನೋವು ವರ್ಷವಾದರೂ ಹೋಗಲಿಲ್ಲ, ನೋವಿನಿಂದ ಕೆಲಸ ಬಿಟ್ಟಿತು, ಹೆಂಡತಿ ಗಾರ್ಮೆಂಟ್ಸಿಗೆ ಹೋಗತೊಡಗಿದಳು, ಇವನು ಮನೆಯಲ್ಲಿ ಗೋಡೆ ನೋಡುತ್ತಾ ಕೂತ. ಹೀಗೆ ಕೊಂಡಿಗೆ ಕೊಂಡಿ ಸೇರಿ ಬಂದದ್ದು. ಎದುರು ಪಕ್ಷದವರು ಸರಪಳಿಯನ್ನು ಪೂರ್ತಿ ಅಲ್ಲಗಳೆಯಬೇಕಿಲ್ಲ, ಒಂದು ಕೊಂಡಿ ಕಳಚಿದರೆ ಸಾಕು. "ಕೆಲಸದಿಂದ ತೆಗೆದದ್ದು ಮಾಲೀಕ, ನಮ್ಮ ಲಾರಿ ಅಲ್ಲ" ಎಂದರೆ ಒಂದು ಕೊಂಡಿ ಹೋಯಿತು. ಅದನ್ನು ಉಳಿಸಿಕೊಳ್ಳಲು ಮನೋವೈದ್ಯರು ಸಾಲದು, ಮಾಲೀಕನೇ ಬಂದು "ಕಾಲು ಸರಿ ಇಲ್ಲ, ಗಾಡಿ ಹತ್ತಲು ಹೆದರುತ್ತಾನೆ, ಅದಕ್ಕೇ ಬಿಡಿಸಿದೆ" ಅನ್ನಬೇಕು. ಸರಪಳಿಯ ಕೇಸುಗಳಲ್ಲಿ ವೈದ್ಯರಲ್ಲದ ಸಾಕ್ಷಿಗಳಿಗೇ ಹೆಚ್ಚು ಬೆಲೆ. ವಕೀಲರೇ ಇದನ್ನು ಮರೆಯುತ್ತಾರೆ ಅನ್ನುವುದು ನನ್ನ ದೂರು.

ಈಗ ಆ 22 ತಿಂಗಳಿಗೆ ಬರೋಣ. ರಂಗಸ್ವಾಮಿ ಅಷ್ಟು ದಿನ ಏನು ಮಾಡುತ್ತಿದ್ದ? ಸುಮ್ಮನಿರಲಿಲ್ಲ. ರಾತ್ರಿ ಕಿರುಚಿ ಏಳತೊಡಗಿದಾಗ ಅವನ ತಾಯಿ "ಸತ್ತ ಹುಡುಗನ ಗಾಳಿ ಸೋಕಿದೆ" ಅಂದರು. ಯಂತ್ರ ಕಟ್ಟಿಸಿದರು. ಮೂರು ಅಮಾವಾಸ್ಯೆ ದೇವಸ್ಥಾನದಲ್ಲಿ ಮಲಗಿಸಿ ಕರೆತಂದರು. ಊರಿನ ಆರ್‌ಎಂಪಿ ಡಾಕ್ಟರು ನಿದ್ದೆ ಮಾತ್ರೆ ಕೊಟ್ಟರು, ಚೀಟಿ ಬರೆಯಲಿಲ್ಲ. ಮೂಳೆ ಡಾಕ್ಟರ ಹತ್ತಿರ ಆರು ವಾರಕ್ಕೊಮ್ಮೆ ಹೋಗುತ್ತಿದ್ದ. ಅವರು ಕಾಲು ನೋಡಿದರು, ಎಕ್ಸ್‌ರೇ ನೋಡಿದರು, "ನಿದ್ದೆ ಬರುತ್ತಾ?" ಅಂತ ಕೇಳಲಿಲ್ಲ. ಇವನೂ ಹೇಳಲಿಲ್ಲ, ಮೂಳೆ ಡಾಕ್ಟರಿಗೆ ಕನಸಿನ ಕಥೆ ಯಾರು ಹೇಳುತ್ತಾರೆ? ಮನೋವೈದ್ಯರ ಹತ್ತಿರ ಹೋಗುವುದೆಂದರೆ ತಲೆ ಕೆಟ್ಟಿದೆ ಎಂದು ಊರಿಗೆ ಡಂಗುರ ಹೊಡೆಸಿದ ಹಾಗೆ, ತಂಗಿಯ ಮದುವೆ ಬೇರೆ ಬಾಕಿ ಇತ್ತು. ಕೊನೆಗೆ ವಕೀಲರು ಸಾಕ್ಷ್ಯದ ಹಂತ ಬಂದಾಗ "ಒಂದು ಸಲ ತೋರಿಸಿಕೊಂಡು ಬನ್ನಿ" ಅಂದರು. ಅದು 2024ರ ನವೆಂಬರು. ಕೋರ್ಟಿನ ಕಣ್ಣಿಗೆ ಅದು ಕಾಯಿಲೆಗಾಗಿ ಹೋದದ್ದಲ್ಲ, ಕೇಸಿಗಾಗಿ ಹೋದದ್ದು.

ಗಾಳಿ ಸೋಕಿದ ಕಥೆಯನ್ನು ಕೋರ್ಟಿನಲ್ಲಿ ಹೇಳಲು ಅರ್ಜಿದಾರರು ನಾಚುತ್ತಾರೆ, ವಕೀಲರು ತಡೆಯುತ್ತಾರೆ. ತಡೆಯಬಾರದು. ಅಪಘಾತವಾದ ಎರಡನೇ ತಿಂಗಳಿಗೇ ಮನೆಯವರು ಯಂತ್ರ ಕಟ್ಟಿಸಿದರು ಎಂದರೆ, ಎರಡನೇ ತಿಂಗಳಿಗೇ ಮನೆಯವರ ಕಣ್ಣಿಗೆ ಏನೋ ಕೆಟ್ಟದ್ದು ಕಂಡಿತ್ತು ಎಂದರ್ಥ. ಯಂತ್ರ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಕೋರ್ಟು ವಿಚಾರಿಸುವುದಿಲ್ಲ. ಲಕ್ಷಣ ಯಾವಾಗ ಶುರುವಾಯಿತು ಎಂಬುದಕ್ಕೆ ಅದು ದಿನಾಂಕ ಹೇಳುವ ಸಾಕ್ಷ್ಯ. ಹೆಂಡತಿ ಸಾಕ್ಷಿ ಹೇಳುವಾಗ "ನನ್ನ ಗಂಡ ಮಾನಸಿಕವಾಗಿ ಕುಗ್ಗಿದ್ದಾರೆ" ಎಂಬ ಅಫಿಡವಿಟ್ ಭಾಷೆಗಿಂತ "ಶಿವರಾತ್ರಿ ದಿನ ಎಲ್ಲರೂ ಎದ್ದಿದ್ವಿ, ಇವರು ಮಲಗಿದ್ದವರು ಆ ಹುಡುಗನ ಹೆಸರು ಕೂಗಿ ಬಾಗಿಲು ತೆಗೆದು ಓಡಿದ್ರು" ಎಂಬುದು ಸಾವಿರ ಪಾಲು ಗಟ್ಟಿ. ಶಿವರಾತ್ರಿಗೆ ಕ್ಯಾಲೆಂಡರಿನಲ್ಲಿ ತಾರೀಖಿದೆ.

ಇಷ್ಟಾದರೂ ಮನೆಯವರ ಮಾತಿಗೆ ಒಂದು ಮಿತಿ ಇದೆ, ಅವರು ಪರಿಹಾರದಲ್ಲಿ ಪಾಲುದಾರರು. ಅವರ ಮಾತಿಗೆ ಆನಿಕೆಯಾಗಿ ಯಾರೋ ಮೂರನೆಯವರು, ಕೇಸಿನ ಗೊಡವೆಯೇ ಇಲ್ಲದಿದ್ದಾಗ ಬರೆದ ಒಂದು ಸಾಲು ಬೇಕು. ಅದು ದೊಡ್ಡ ಆಸ್ಪತ್ರೆಯ ವರದಿಯೇ ಆಗಬೇಕಿಲ್ಲ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ ಜಿಲ್ಲೆಯ ಪ್ರಯೋಗ. ಅಪಘಾತವಾದ ಮೂರನೇ ತಿಂಗಳಲ್ಲಿ ಅಂಥ ಒಂದು ಮಂಗಳವಾರ ಹೋಗಿ ಬಂದ, ಸೀಲು ಬಿದ್ದ, ತಾರೀಖಿರುವ ಹೊರರೋಗಿ ಚೀಟಿ, ಎರಡು ವರ್ಷದ ಮೇಲೆ ಐದು ಸಾವಿರ ಕೊಟ್ಟು ಬರೆಸಿದ ಆರು ಪುಟದ ವರದಿಗಿಂತ ಭಾರ. ಚೀಟಿಗಿಂತ ಮುಖ್ಯವಾದದ್ದು ಚಿಕಿತ್ಸೆ ಅನ್ನುವುದು ಬೇರೆ ಹೇಳಬೇಕಿಲ್ಲ. ಆಸ್ಪತ್ರೆಯವರು ದಾಖಲೆ ಕೊಡಲು ಸತಾಯಿಸಿದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 25ನೇ ಕಲಮು ಚಿಕಿತ್ಸೆ ಪಡೆದವರಿಗೆ ತಮ್ಮ ದಾಖಲೆ ಪಡೆಯುವ ಹಕ್ಕು ಕೊಟ್ಟಿದೆ.

ಇನ್ನು ಎದುರು ಪಕ್ಷ ಹುಡುಕುವ ಬೇರೆ ಕಾರಣಗಳು. ಮೊದಲಿಗೆ ಹಳೇ ಕಾಯಿಲೆ: 2019ರಲ್ಲಿ ಒಮ್ಮೆ ಮಾತ್ರೆ ತಗೊಂಡಿದ್ದರಂತಲ್ಲ? ಇದನ್ನು ಮುಚ್ಚಿಟ್ಟು ಸಿಕ್ಕಿಬಿದ್ದವರ ಕೇಸು ಅಲ್ಲಿಗೇ ಮಲಗುತ್ತದೆ, ತಾವೇ ಹೇಳಿದವರದ್ದು ಉಳಿಯುತ್ತದೆ. ಪೆಟ್ಟು ಕೊಟ್ಟವನು ಪೆಟ್ಟು ತಿಂದವನನ್ನು ಇದ್ದ ಹಾಗೇ ಒಪ್ಪಿಕೊಳ್ಳಬೇಕು, ಗಟ್ಟಿ ಮನುಷ್ಯನಾಗಿದ್ದರೆ ಇಷ್ಟಾಗುತ್ತಿರಲಿಲ್ಲ ಅನ್ನುವಂತಿಲ್ಲ ಎಂಬುದು ಹಳೆಯ ತತ್ವ. 1995ರಲ್ಲಿ ಇಂಗ್ಲೆಂಡಿನ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಒಂದು ಕಾರು ಡಿಕ್ಕಿಯ ಕೇಸಿನಲ್ಲಿ ಇದನ್ನು ಮನಸ್ಸಿಗೂ ಹಿಗ್ಗಿಸಿತು. ಅಲ್ಲಿ ಅರ್ಜಿದಾರರ ಮೈಗೆ ಏನೂ ಆಗಿರಲಿಲ್ಲ, ಮೊದಲೇ ಇದ್ದ ಬಳಲಿಕೆಯ ಕಾಯಿಲೆ ಅಪಘಾತದಿಂದ ಕೆದರಿತ್ತು. ಆ ತೀರ್ಪು ನಮ್ಮ ನ್ಯಾಯಮಂಡಳಿಯ ಕೈಕಟ್ಟುವುದಿಲ್ಲ, ಆದರೆ ವಾದಕ್ಕೆ ಬರುತ್ತದೆ. ಹಳೇ ಕಾಯಿಲೆ ಇದ್ದವರು ತೋರಿಸಬೇಕಾದದ್ದು ವ್ಯತ್ಯಾಸವನ್ನು: 2019ರಲ್ಲಿ ಮಾತ್ರೆ ತಿಂದದ್ದು ಮೂರು ತಿಂಗಳು, ಆಮೇಲೆ ಅಪಘಾತದ ಹಿಂದಿನ ದಿನದವರೆಗೂ ರಾತ್ರಿ ಹಗಲು ಗಾಡಿ ಓಡಿಸಿದ್ದಾನೆ. ಟ್ರಿಪ್ ಶೀಟು, ಟೋಲ್ ರಸೀದಿ, ಸಂಬಳದ ಪುಸ್ತಕ ಇದನ್ನು ಹೇಳುತ್ತವೆ. ಅಪಘಾತಕ್ಕೆ ಮುಂಚಿನ ಬದುಕು ಹೇಗಿತ್ತು ಎಂದು ತೋರಿಸದೆ ಆಮೇಲಿನದ್ದು ಹಾನಿ ಎಂದು ಹೇಳಲಾಗುವುದಿಲ್ಲ.

ಕುಡಿತ ಇನ್ನೊಂದು. ವೈದ್ಯರ ಚೀಟಿಯಲ್ಲಿ "ಮದ್ಯಪಾನ ಇದೆ" ಎಂಬ ಗುರುತು ಇದ್ದರೆ ಸಾಕು, ಎಲ್ಲ ಕಾಯಿಲೆಯನ್ನೂ ಅದರ ತಲೆಗೆ ಕಟ್ಟುತ್ತಾರೆ. ರಂಗಸ್ವಾಮಿ ಮೊದಲೂ ಹಬ್ಬಕ್ಕೆ ಕುಡಿಯುತ್ತಿದ್ದ. ಅಪಘಾತದ ಮೇಲೆ ದಿನಾ ರಾತ್ರಿ, ಕನಸು ಬಾರದಿರಲಿ ಅಂತ. ಎಷ್ಟಿದ್ದದ್ದು ಯಾವಾಗಿನಿಂದ ಎಷ್ಟಾಯಿತು ಎಂದು ವೈದ್ಯರು ಬರೆದಿದ್ದರೆ ಕುಡಿತ ಬೇರೆ ಕಾರಣವಾಗಿ ಉಳಿಯುವುದಿಲ್ಲ, ಅದೇ ಕಾಯಿಲೆಯ ಲಕ್ಷಣಗಳ ಸಾಲಿಗೆ ಸೇರುತ್ತದೆ. ಬರೆಯದಿದ್ದರೆ ಮುಗಿಯಿತು. ಸಾಲ, ತಂಗಿಯ ಮದುವೆ, ತಂದೆಯ ಸಾವು ಇಂಥವೂ ಬರುತ್ತವೆ. ಅಪಘಾತವೊಂದೇ ಕಾರಣ ಎಂದು ಹಠ ಹಿಡಿಯಬೇಕಿಲ್ಲ, ಬದುಕಿನಲ್ಲಿ ಹಾಗಿರುವುದೂ ಇಲ್ಲ. ಅಪಘಾತ ಇಲ್ಲದಿದ್ದರೆ ಈ ಸ್ಥಿತಿಗೆ ಬರುತ್ತಿದ್ದನೇ ಎಂದು ವೈದ್ಯರನ್ನು ನೇರವಾಗಿ ಕೇಳಿ ಉತ್ತರ ಬರೆಸಿಕೊಳ್ಳಬೇಕು.

ಮೂರನೇ ಪ್ರಶ್ನೆ ದುಡ್ಡಿನದ್ದು. ಇಲ್ಲಿ ಒಂದು ದೊಡ್ಡ ಗೊಂದಲ ಇದೆ. ಮಾನಸಿಕ ವೈಕಲ್ಯವನ್ನು ಶೇಕಡಾದಲ್ಲಿ ಅಳೆಯಲು ನಮ್ಮಲ್ಲಿ ಐಡಿಯಾಸ್ ಎಂಬ ಮಾಪನ ಬಳಸುತ್ತಾರೆ. ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಇನ್ನಷ್ಟು, ಒಟ್ಟು 20. ಏಳು ಮುಟ್ಟಿದರೆ ಶೇಕಡಾ 40, ಸರ್ಕಾರದ ಸೌಲಭ್ಯ ಸಿಗುವ ಗೆರೆ. ರಂಗಸ್ವಾಮಿ ಸ್ನಾನ ಮಾಡುತ್ತಾನೆ, ಮಾತಾಡುತ್ತಾನೆ, ಅಂಗಡಿಗೆ ಹೋಗುತ್ತಾನೆ. ಅವನ ಅಂಕ ಐದು ಆರರ ಆಸುಪಾಸು ನಿಲ್ಲುತ್ತದೆ. "ಶೇಕಡಾ 40ಕ್ಕಿಂತ ಕಡಿಮೆ, ಅಂದರೆ ವೈಕಲ್ಯವೇ ಇಲ್ಲ" ಎಂಬ ವಾದ ಆಗ ಎದ್ದು ನಿಲ್ಲುತ್ತದೆ. ಆ ಗೆರೆ ಪಿಂಚಣಿಗೆ, ಪಾಸಿಗೆ ಇರುವುದು. ನ್ಯಾಯಮಂಡಳಿಗೆ ಅದು ಲೆಕ್ಕವಲ್ಲ. ಮತ್ತೊಂದು ಮಾತು: ಆ ಮಾಪನ ಎಷ್ಟು ಎಂದು ಹೇಳುತ್ತದೆಯೇ ಹೊರತು ಯಾವುದರಿಂದ ಎಂದು ಹೇಳುವುದೇ ಇಲ್ಲ. ವೈಕಲ್ಯದ ಕಾರ್ಡನ್ನು ಕೋರ್ಟಿಗೆ ಹಾಜರುಪಡಿಸಿ ಕಾರಣವನ್ನೂ ಸಾಬೀತು ಮಾಡಿದೆವು ಅಂದುಕೊಳ್ಳುವುದು ತಕ್ಕಡಿ ತೋರಿಸಿ ಅಕ್ಕಿ ಎಲ್ಲಿ ಬೆಳೆದದ್ದು ಎಂದು ಹೇಳಿದ ಹಾಗೆ.

ನ್ಯಾಯಮಂಡಳಿಗಳು ಇವತ್ತಿಗೂ ಹಿಡಿದು ನಡೆಯುವ ದಾರಿ 2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಹಾಕಿಕೊಟ್ಟದ್ದು. ಕೈಕಾಲಿನ ವೈಕಲ್ಯದ ಶೇಕಡಾವಾರು ಬೇರೆ, ಇಡೀ ದೇಹದ್ದು ಬೇರೆ, ದುಡಿಮೆಯ ಶಕ್ತಿ ಕಳೆದದ್ದು ಬೇರೆ. ಈ ಮನುಷ್ಯ ಮೊದಲು ಏನು ಕೆಲಸ ಮಾಡುತ್ತಿದ್ದ, ಈಗ ಅದನ್ನು ಮಾಡಬಲ್ಲನೇ, ಬೇರೆ ಏನು ಮಾಡಬಲ್ಲ ಎಂದು ನೋಡಿ ಎಂದಿತು. ಗುಮಾಸ್ತನಿಗೆ ವಾಹನದ ಭಯ ಬಂದರೆ ಬಸ್ಸಿನಲ್ಲಿ ಹೋಗುವಾಗ ಹಿಂಸೆ, ಡ್ರೈವರಿಗೆ ಬಂದರೆ ಅನ್ನವೇ ಹೋಯಿತು. ಅದೇ ತೀರ್ಪು ಚಿಕಿತ್ಸೆ ಕೊಡದೆ ಸಿದ್ಧ ಸರ್ಟಿಫಿಕೇಟ್ ಕೊಡುವ ವೈದ್ಯರ ಬಗ್ಗೆಯೂ ಎಚ್ಚರಿಸಿದೆ, ಬೇಕಾದರೆ ವೈದ್ಯಕೀಯ ಮಂಡಳಿಗೆ ಕಳಿಸಿ ಎಂದಿದೆ.

ಅಂಕಿಯಲ್ಲಿ ನೋಡಿ. ಸಂಬಳ 18,000, ಮುಂದೆ ಏರಬಹುದಾದ್ದಕ್ಕೆ ಶೇಕಡಾ 40 ಸೇರಿಸಿದರೆ 25,200. ವರ್ಷಕ್ಕೆ 3,02,400. ವಯಸ್ಸು 34ಕ್ಕೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ, 16. ಒಟ್ಟು 48,38,400. ಕಾಲಿನ ವೈಕಲ್ಯ ಶೇಕಡಾ 30 ಎಂದು ಮೂಳೆ ವೈದ್ಯರು ಹೇಳಿದರೆ ಅದರ ಮೂರನೇ ಒಂದು ಭಾಗ, ಶೇಕಡಾ 10ನ್ನು ಇಡೀ ದೇಹಕ್ಕೆ ಹಿಡಿಯುವುದು ನಮ್ಮಲ್ಲಿನ ರೂಢಿ. ದುಡಿಮೆಯ ನಷ್ಟವೂ ಅಷ್ಟೇ ಎಂದು ಬಿಟ್ಟರೆ ಸಿಗುವುದು 4,83,840. ಭಯದಿಂದ ಡ್ರೈವಿಂಗೇ ಬಿಟ್ಟುಹೋಗಿದೆ ಎಂಬುದು ರುಜುವಾತಾಗಿ ದುಡಿಮೆಯ ನಷ್ಟವನ್ನು ಶೇಕಡಾ 30 ಎಂದು ಹಿಡಿದರೆ 14,51,520. ನಡುವೆ ಇರುವ ಒಂಬತ್ತು ಲಕ್ಷ ಚಿಲ್ಲರೆ ಆ 22 ತಿಂಗಳ ಬೆಲೆ.

"ಚಿಕಿತ್ಸೆ ಕೊಟ್ಟರೆ ವಾಸಿಯಾಗುವ ಕಾಯಿಲೆ ಎಂದರೆ ಸರಿ." ಇದು ಐದನೇ "ಸರಿ", ಇದನ್ನೂ ವೈದ್ಯರು ಪ್ರಾಮಾಣಿಕವಾಗಿ ಒಪ್ಪುತ್ತಾರೆ. ಶಾಶ್ವತವಲ್ಲ ಎಂದಾದಮೇಲೆ ಮುಂದಿನ ದುಡಿಮೆಯ ನಷ್ಟ ಕೇಳುವುದು ಕಷ್ಟ. ಆದರೂ ಎಲ್ಲವೂ ಹೋಗುವುದಿಲ್ಲ: ಇದುವರೆಗಿನ ಸಂಬಳದ ನಷ್ಟ, ಮುಂದಿನ ಚಿಕಿತ್ಸೆಯ ಖರ್ಚು, ನೋವು ಮತ್ತು ಆಘಾತದ ಬಾಬ್ತು ಉಳಿಯುತ್ತವೆ. ಎಷ್ಟು ವರ್ಷ ಔಷಧಿ ಬೇಕು, ತಿಂಗಳಿಗೆ ಎಷ್ಟು, ವಾಸಿಯಾದರೂ ಲಾರಿಯ ಸೀಟಿಗೆ ಮರಳುವ ಸಂಭವ ಎಷ್ಟು ಎಂದು ಮುಖ್ಯ ವಿಚಾರಣೆಯಲ್ಲೇ ವೈದ್ಯರಿಂದ ಹೇಳಿಸಬೇಕು. ಯಾಕೆಂದರೆ ಎರಡನೇ ಅವಕಾಶ ಇಲ್ಲ. ಅಂತಿಮ ಐತೀರ್ಪು ಆದಮೇಲೆ ಮತ್ತೆ ಹೆಚ್ಚುವರಿ ಪರಿಹಾರ ಕೊಡಲು ಕಾಯ್ದೆಯಲ್ಲಿ ದಾರಿಯಿಲ್ಲ, ಮುಂದಿನ ಚಿಕಿತ್ಸೆಯ ಖರ್ಚನ್ನೂ ಆಗಲೇ ಸೇರಿಸಿಬಿಡಿ ಎಂದು ಸುಪ್ರೀಂ ಕೋರ್ಟ್ ನಾಗಪ್ಪ ಪ್ರಕರಣದಲ್ಲಿ 2002ರಲ್ಲೇ ಹೇಳಿದೆ.

ಇದಕ್ಕೆ ಈಗ ಆರು ತಿಂಗಳ ಗಡುವು ಸೇರಿಕೊಂಡಿದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಮೇಲೆ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಮನಸ್ಸು ಆರು ತಿಂಗಳಲ್ಲಿ ತನ್ನ ಲೆಕ್ಕ ಒಪ್ಪಿಸುವುದಿಲ್ಲ ಎಂಬುದನ್ನು ಕಾಯ್ದೆ ಬರೆದವರು ಯೋಚಿಸಿದ ಹಾಗಿಲ್ಲ. ಹಾಗಾಗಿ ಕಾಲಿನ ಗಾಯಕ್ಕೆ ಅರ್ಜಿ ಹಾಕುವಾಗಲೇ "ನಿದ್ದೆ ಇಲ್ಲ, ವಾಹನದ ಭಯ ಇದೆ, ಚಿಕಿತ್ಸೆ ಬೇಕಾಗಬಹುದು" ಎಂಬ ಎರಡು ಸಾಲು ಸೇರಿಸುವುದು ಒಳ್ಳೆಯದು. ಅರ್ಜಿಯಲ್ಲಿ ಇಲ್ಲದ್ದು ಸಾಕ್ಷ್ಯದಲ್ಲಿ ಮೊದಲ ಸಲ ಬಂದರೆ ಅದಕ್ಕೆ ಆಮೇಲೆ ಹೊಳೆದ ಯೋಚನೆ ಎಂಬ ಹಣೆಪಟ್ಟಿ ಅಂಟುತ್ತದೆ. ಅದೇ ತಿದ್ದುಪಡಿ ಒಂದು ಒಳ್ಳೆಯದನ್ನೂ ಮಾಡಿದೆ. ಕೇಸು ನಡೆಯುತ್ತಿರುವಾಗ ಗಾಯಾಳು ತೀರಿಕೊಂಡರೆ, ಸಾವಿಗೂ ಗಾಯಕ್ಕೂ ಸಂಬಂಧ ಇದ್ದರೂ ಇಲ್ಲದಿದ್ದರೂ ಪರಿಹಾರ ಕೇಳುವ ಹಕ್ಕು ವಾರಸುದಾರರಿಗೆ ಉಳಿಯುತ್ತದೆ ಎಂದು 166ನೇ ಕಲಮಿಗೆ ಐದನೇ ಉಪಕಲಮು ಸೇರಿಸಿದೆ. ನೊಂದು ಜೀವ ಕಳೆದುಕೊಂಡವರ ಮನೆಯವರು ಇದನ್ನು ತಿಳಿದಿರಬೇಕು. ಆ ಮಟ್ಟಕ್ಕೆ ಹೋಗುವ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಒಂದು ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ರಂಗಸ್ವಾಮಿಯ ಕೇಸಿಗೆ ಒಂದು ಬೇರೆ ಕೊನೆಯನ್ನೂ ಊಹಿಸಬಹುದು. ಪಾಟೀ ಸವಾಲಿಗೆ ಮುಂಚೆ ಅವನ ವಕೀಲರು ಮೂಳೆ ಆಸ್ಪತ್ರೆಯ ದಾಖಲೆ ವಿಭಾಗದವರಿಗೆ ಸಮನ್ಸ್ ಕಳಿಸಿ ಇಡೀ ಕೇಸ್ ಶೀಟ್ ತರಿಸುತ್ತಾರೆ. ಡಿಸ್ಚಾರ್ಜ್ ಸಮರಿಯ ಎರಡು ಪುಟವಲ್ಲ, ನರ್ಸುಗಳು ಪಾಳಿಗೊಮ್ಮೆ ಬರೆಯುವ ಹಾಳೆಗಳೂ ಸೇರಿ ಎಲ್ಲ. ಅದರಲ್ಲಿ ಆಪರೇಷನ್ನಾದ ನಾಲ್ಕನೇ ರಾತ್ರಿ, 2.40ಕ್ಕೆ, ರಾತ್ರಿ ಪಾಳಿಯ ನರ್ಸು ಅವಸರದ ಅಕ್ಷರದಲ್ಲಿ ಬರೆದ ಒಂದು ಸಾಲು: ರೋಗಿ ಕಿರುಚಿ ಎದ್ದರು, ಜೊತೆಯವನನ್ನು ಹೊರಗೆ ಎಳೆಯಿರಿ ಎಂದು ಕೂಗುತ್ತಿದ್ದರು, ಡ್ಯೂಟಿ ಡಾಕ್ಟರಿಗೆ ತಿಳಿಸಿದೆ. ಆ ನರ್ಸಿಗೆ ರಂಗಸ್ವಾಮಿ ಯಾರೋ, ಕೇಸು ಯಾವುದೋ. ಹಾಳೆಗೆ ಎಕ್ಸಿಬಿಟ್ ಪಿ-14 ಎಂದು ನಂಬರು ಬೀಳುತ್ತದೆ. ವಿಮಾ ಕಂಪನಿಯ ವಕೀಲರು ಅದನ್ನು ಎರಡು ಸಲ ಓದಿ, ಮನೋವೈದ್ಯರ ಕಡೆ ತಿರುಗಿ, ಕೊನೆಯ ಸೂಚನೆ ಹಾಕುತ್ತಾರೆ. ಬೆರಳಚ್ಚಿನವರು ಬರೆದುಕೊಳ್ಳುತ್ತಾರೆ: "ಅರ್ಜಿದಾರರ ಕಾಯಿಲೆಗೂ ಅಪಘಾತಕ್ಕೂ ಸಂಬಂಧವಿಲ್ಲ ಎಂದರೆ ಸರಿಯಲ್ಲ."